ಹಳೇ ಕಾಲೇಜು ಕಾಮಿಡಿ ಸಿನಿಮಾಗಳಿಗೆ ಈಗಿನ ಮಕ್ಕಳು ನಗ್ತಾರಾ? ಕುಮಟಾದಲ್ಲಿ ತೋರಿಸೋ ಮುಂಚೆ ಸಲಹೆ ಬೇಕು

ಅಘನಾಶಿನಿ ದಂಡೆ

ಕುಮಟಾ ಕಡೆಯ ಕಾಲೇಜೊಂದರ ಚಿತ್ರಸಂಘದವರು ಆಗಸ್ಟ್ ತಿಂಗಳ ಶನಿವಾರಗಳಲ್ಲಿ ಕಾಲೇಜು ಜೀವನದ ಕಾಮಿಡಿ ಸಿನಿಮಾ ತೋರಿಸಬೇಕು ಅಂತಿದ್ದಾರೆ. ಸದ್ಯದ ಪಟ್ಟಿ: 1978ರ ಅಮೆರಿಕನ್ ಚಿತ್ರ ‘ಅನಿಮಲ್ ಹೌಸ್’, 1981ರ ‘ಚಶ್ಮೆ ಬದ್ದೂರ್’, 2009ರ ‘3 ಈಡಿಯಟ್ಸ್’. ಕನ್ನಡದ್ದೂ ಒಂದು ಸೇರಿಸಬೇಕು. ನೋಡೋರು ಬಿ.ಎ., ಬಿ.ಕಾಂ. ಓದೋ ಹದಿನೆಂಟು, ಇಪ್ಪತ್ತರ ಮಕ್ಕಳು.

ಸಂಘದ ಹಿರಿಯರು ‘ಕ್ಲಾಸಿಕ್ ಅಂದ್ಮೇಲೆ ನಗು ಬಂದೇ ಬರ್ತದೆ’ ಅಂತಾರೆ. ವಿದ್ಯಾರ್ಥಿ ಪ್ರತಿನಿಧಿಗಳು ಟ್ರೇಲರ್ ನೋಡಿ ‘ಇದರಲ್ಲಿ ನಗೋದು ಎಲ್ಲಿ ಸರ್?’ ಅಂತ ಕೇಳಿದ್ದಾರೆ. ಸಿನಿಮಾನೇ ಹಳಸಿದೆಯಾ, ತೋರಿಸೋ ರೀತಿ ಸರಿಯಿಲ್ವಾ? ಯಾವ ದೃಶ್ಯ ಉಳೀತದೆ, ಯಾವುದು ಬೀಳ್ತದೆ, ಯಾಕೆ? ತಿಳಿದವರು ಬಿಡಿಸಿ ಹೇಳಿ.

ಶಿರಸಿ ಪೇಟೆ

ಅನಿಮಲ್ ಹೌಸ್ ಬಿಟ್ಟುಬಿಡಿ ಮಾರಾಯ್ರೆ. ಅದು ಕಾಲೇಜಲ್ಲಿ ತೋರಿಸೋ ಸಿನಿಮಾ ಅಲ್ಲ.

ಗಂಗಾವಳಿ

ಯಾಕಲ್ಲ? ಕಾರಣ ಹೇಳದೆ ಷರಾ ಬರೆದರೆ ಹೇಗೆ? ಸುಮಾರು ಮೂವತ್ತು ಲಕ್ಷ ಡಾಲರಿನಲ್ಲಿ ತೆಗೆದ ಚಿತ್ರ ಅದು. ಹಾಸ್ಟೆಲಿನ ಪುಂಡರು ಒಂದು ಕಡೆ, ಶಿಸ್ತಿನ ಡೀನ್ ಇನ್ನೊಂದು ಕಡೆ ಅನ್ನೋ ಅಚ್ಚು ಗಟ್ಟಿಯಾಗಿ ಕೂತಿದ್ದೇ ಅದರಿಂದ. ಆಮೇಲೆ ಬಂದ ಕಾಲೇಜು ಸಿನಿಮಾಗಳು ಅರ್ಧಕ್ಕರ್ಧ ಆ ಅಚ್ಚಿನವೇ. ಊಟದ ಹಾಲಿನಲ್ಲಿ ತಟ್ಟೆ ತೂರೋ ದೃಶ್ಯಕ್ಕೆ ಭಾಷೆಯೇ ಬೇಡ.

ಶಿರಸಿ ಪೇಟೆ

ಕಾರಣ ಹೇಳ್ತೇನೆ, ಕೇಳಿ. ನಟ ಜಾನ್ ಬೆಲೂಷಿಯ ಪಾತ್ರ ಏಣಿ ಹತ್ತಿ ಹುಡುಗಿಯರ ಕೋಣೆಯ ಕಿಟಕಿ ಇಣುಕುತ್ತದೆ. ಇಣುಕುವವನು ನಡುವೆ ತಿರುಗಿ ಕ್ಯಾಮೆರಾ ಕಡೆ, ಅಂದ್ರೆ ನಮ್ಮ ಕಡೆ, ಹುಬ್ಬು ಹಾರಿಸ್ತಾನೆ. ಆ ಒಂದು ನೋಟದಲ್ಲಿ ಇಡೀ ಹಾಲನ್ನೇ ಏಣಿ ಮೇಲೆ ಹತ್ತಿಸ್ತಾನೆ. 1978ರಲ್ಲಿ ಬಿದ್ದ ನಗು ಆ ಹುಬ್ಬಿಗೆ. ಈಗ ನಗು ನಿಲ್ಲೋದೂ ಅಲ್ಲೇ. ಪಕ್ಕದ ಸೀಟಲ್ಲಿ ಕೂತ ಹುಡುಗಿ ‘ನಾನು ಕಿಟಕಿ ಒಳಗಿನವಳು, ನನ್ನನ್ನ ಯಾಕೆ ಏಣಿ ಮೇಲೆ ಕರೀತಿದ್ದೀರಿ’ ಅಂದ್ರೆ ಉತ್ತರ ಇಲ್ಲ.

ಎರಡನೇದು ಇನ್ನೂ ಗಂಭೀರ. ಮೇಯರನ ಮಗಳದ್ದೊಂದು ಉಪಕತೆ ಇದೆ. ತನಗೆ ಹದಿಮೂರು ಅಂತ ಆ ಹುಡುಗಿಯೇ ಹೇಳ್ತಾಳೆ, ಸಿನಿಮಾ ಅದನ್ನ ಜೋಕ್ ಮಾಡಿ ಮುಂದೆ ಹೋಗ್ತದೆ. ಅದನ್ನ ಕಾಲೇಜಿನ ಬೋರ್ಡ್ ಹಾಕಿ ತೋರಿಸೋಕೆ ಯಾವ ಪ್ರಾಂಶುಪಾಲರೂ ಒಪ್ಪಬಾರದು.

ಮೂರನೇ ಬೆಂಚು

ಶಿರಸಿ ಪೇಟೆಯವರು ಹೇಳಿದ್ದು ನೂರಕ್ಕೆ ನೂರು ಸರಿ. ವಿದ್ಯಾರ್ಥಿಗಳಿಗೆ ಹಾಸ್ಯಪ್ರಜ್ಞೆ ಕಡಿಮೆಯಾಗಿದೆ ಅನ್ನೋದನ್ನ ದಯವಿಟ್ಟು ಯಾರೂ ಶುರು ಮಾಡಬೇಡಿ. 2013ರ ತಿದ್ದುಪಡಿ ಆದಾಗಿನಿಂದ ಕದ್ದು ನೋಡೋದು ನಮ್ಮಲ್ಲಿ ಪ್ರತ್ಯೇಕ ಅಪರಾಧ, ಈಗ ಭಾರತೀಯ ನ್ಯಾಯ ಸಂಹಿತೆಯ 77ನೇ ಕಲಂ. ಎಲ್ಲರ ಕೈಯಲ್ಲೂ ಕ್ಯಾಮೆರಾ ಇರೋ ಕಾಲ. ಹಾಸ್ಟೆಲಿನ ಹುಡುಗಿಗೆ ಅದು ದಿನದಿನದ ಭಯ. ಭಯ ಇರೋ ಕಡೆ ನಗು ಹುಟ್ಟೋದು ಕಷ್ಟ. 1984ರ ‘ರಿವೆಂಜ್ ಆಫ್ ದ ನರ್ಡ್ಸ್’ ಚಿತ್ರದ ಅಡಗುಕ್ಯಾಮೆರಾ ಪ್ರಸಂಗವೂ ಹಾಗೇ ಬಿದ್ದುಹೋಗಿದೆ. ಅಲ್ಲಿ ಮುಖವಾಡ ಹಾಕಿ ಹುಡುಗಿಯನ್ನ ಮೋಸ ಮಾಡೋದನ್ನೂ ಗೆಲುವು ಅಂತಲೇ ತೋರಿಸಿದ್ದಾರೆ.

ಗಂಗಾವಳಿ

ಏಣಿ ದೃಶ್ಯ, ಹದಿಮೂರರ ಹುಡುಗಿ, ಎರಡೂ ಒಪ್ಪಿದೆ. ಆದ್ರೆ ಒಂದು ಮಾತು. ಆ ಚಿತ್ರದ ಕತೆ ನಡೆಯೋದು 1962ರಲ್ಲಿ. ಅಂದ್ರೆ ತೆಗೆದಾಗಲೇ ಅದು ಹದಿನಾರು ವರ್ಷ ಹಿಂದಿನ ನೆನಪು. ಹಳೇದು ಅನ್ನೋ ಕಾರಣಕ್ಕೇ ನಗು ಬರಲ್ಲ ಅಂತಾದರೆ 1978ರ ಹುಡುಗರೂ ನಗಬಾರದಿತ್ತು. ಹಳೇತನ ಒಂದನ್ನೇ ದೂರಬೇಡಿ.

ಘಟ್ಟದ ಮೇಲಿನವ

ಸರಿ ಹೇಳ್ದೆ ಭಾವಾ.

ಪರದೆ ಹಿಂದೆ

ಇಷ್ಟು ಹೊತ್ತು ಒಂದು ಚಿತ್ರದ ಜಗಳವಾಯ್ತು. ಉಳಿದೆರಡನ್ನೂ ಬಿಚ್ಚಿ ನೋಡೋಣ.

ಚಶ್ಮೆ ಬದ್ದೂರ್, ಸಾಯಿ ಪರಾಂಜಪೆ ನಿರ್ದೇಶನ. ದಿಲ್ಲಿಯಲ್ಲಿ ಒಂದೇ ಕೋಣೆಯಲ್ಲಿ ಮೂವರು ವಿದ್ಯಾರ್ಥಿಗಳು. ಇಬ್ಬರು ಹುಡುಗಿಯ ಹಿಂದೆ ಬಿದ್ದು ಪೆಟ್ಟು ತಿಂದು ಬರ್ತಾರೆ, ಕೋಣೆಗೆ ಬಂದು ‘ಅವಳು ನನಗೆ ಒಲಿದಳು’ ಅಂತ ಬಣ್ಣ ಕಟ್ತಾರೆ. ನಿಜವಾಗಿ ಏನಾಯ್ತು ಅಂತ ಪ್ರೇಕ್ಷಕರಿಗೆ ಗೊತ್ತು. ಹೀಗಾಗಿ ನಗು ಪೂರ್ತಿ ಬೀಳೋದು ಬಡಾಯಿ ಕೊಚ್ಚುವವನ ಮೇಲೆ. ಇಲ್ಲೂ ಹುಡುಗಿ ಹಿಂದೆ ಬೀಳೋದೇ ಕತೆ, ಆದ್ರೆ ಪೆಟ್ಟು ಯಾರಿಗೆ ಬೀಳ್ತದೆ ನೋಡಿ. ಏಣಿ ದೃಶ್ಯಕ್ಕೂ ಇದಕ್ಕೂ ಇರೋ ವ್ಯತ್ಯಾಸ ಅದೇ. ದೀಪ್ತಿ ನವಲ್ ಸೋಪಿನ ಪುಡಿ ಮಾರೋಕೆ ಬಾಗಿಲಿಗೆ ಬಂದು ‘ಚಮ್ಕೋ’ ಪ್ರಾತ್ಯಕ್ಷಿಕೆ ಕೊಡೋ ದೃಶ್ಯವಂತೂ ಇವತ್ತಿಗೂ ಹಸಿಯಾಗಿದೆ. ಅವಳಿಗೆ ತನ್ನ ಕೆಲಸದ ಮೇಲೆ ಪ್ರೀತಿ ಇದೆ, ಎದುರಿನವನಿಗೆ ನಾಚಿಕೆ ಇದೆ, ಇಬ್ಬರೂ ಸುಳ್ಳು ಹೇಳ್ತಿಲ್ಲ.

ಬೀಳೋ ಭಾಗವೂ ಇದೆ. ಆ ಸುಳ್ಳು ಕತೆಗಳಲ್ಲಿ ಹಳೇ ಹಿಂದಿ ಪ್ರೇಮಗೀತೆಗಳ ಅಣಕು ಬರ್ತದೆ. ಮೂಲ ಹಾಡು ಗೊತ್ತಿಲ್ಲದ ಮಕ್ಕಳಿಗೆ ಅದು ಅಣಕು ಅಂತಲೇ ತಿಳಿಯೋದಿಲ್ಲ, ಬರೀ ಉದ್ದನೆ ಹಾಡು ಅನ್ನಿಸ್ತದೆ. ಅಣಕಿನ ಆಯುಷ್ಯ ಮೂಲದ ನೆನಪು ಇರೋವರೆಗೆ ಮಾತ್ರ.

ಹೊನ್ನಾವರ ಬಂದರು

ಪಾನ್ ಅಂಗಡಿ ಉದ್ರಿ ಲೆಕ್ಕದ ಜೋಕುಗಳು? ಯುಪಿಐ ಕಾಲದ ಮಕ್ಕಳಿಗೆ ಉದ್ರಿ ಖಾತೆ ಗೊತ್ತಾ?

ಮೂರನೇ ಬೆಂಚು

ಕ್ಯಾಂಟೀನಿನಲ್ಲಿ ಉದ್ರಿ ಈಗಲೂ ಇದೆ. ಬರೆಯೋದು ಪುಸ್ತಕದ ಬದಲು ವಾಟ್ಸಾಪಿನಲ್ಲಿ, ಅಷ್ಟೇ. ಅದಕ್ಕೆ ನಗ್ತಾರೆ, ಚಿಂತೆ ಬೇಡ.

ಕೋಡಿಬಾಗ

3 ಈಡಿಯಟ್ಸ್ ಬಗ್ಗೆ ಯಾರೂ ಬರೆದಿಲ್ಲ. ಅದನ್ನ ‘ಹಳೇದು’ ಅಂತ ಕರೆಯೋಕೇ ಮನಸ್ಸು ಬರೋದಿಲ್ಲ, ಆದ್ರೆ ಬಿಡುಗಡೆಯಾದಾಗ ಈ ಮಕ್ಕಳು ಅಂಗನವಾಡಿಯಲ್ಲಿದ್ದರು.

ಅದರಲ್ಲಿ ಎರಡು ದೃಶ್ಯ ಅಕ್ಕಪಕ್ಕ ಇಟ್ಟು ನೋಡಬೇಕು. ಮೊದಲನೇದು ರ‍್ಯಾಗಿಂಗ್. ಹೊಸಬರನ್ನ ಸಾಲಾಗಿ ನಿಲ್ಲಿಸ್ತಾರೆ. ನಾಯಕ ರಾಂಚೋ ಕೋಣೆ ಸೇರಿ ಬಾಗಿಲು ಹಾಕ್ಕೊಂಡು, ಚಮಚ ಮತ್ತು ವೈರಿನಿಂದ ಬಾಗಿಲಿಗೆ ಮೂತ್ರ ಹೊಯ್ಯೋ ಸೀನಿಯರಿಗೆ ಶಾಕ್ ಕೊಡ್ತಾನೆ. ಪೆಟ್ಟು ಬಲಿಷ್ಠನಿಗೆ. ಈ ದೃಶ್ಯ ಇನ್ನೂ ಐವತ್ತು ವರ್ಷ ನಡೀತದೆ.

ಎರಡನೇದು ಚತುರ್‌ನ ಭಾಷಣ. ಉಗಾಂಡಾದಲ್ಲಿ ಹುಟ್ಟಿ ಪಾಂಡಿಚೇರಿಯಲ್ಲಿ ಓದಿದ ಹುಡುಗ, ಹಿಂದಿ ಬಾರದು. ಅವನ ಭಾಷಣದ ಪದ ಬದಲಾಯಿಸಿ, ಅತ್ಯಾಚಾರ ಅನ್ನೋ ಅರ್ಥದ ಪದ ಹಾಕಿ, ವೇದಿಕೆ ಮೇಲೆ ಓದಿಸ್ತಾರೆ. ಆಗ ದೇಶವೇ ನಕ್ಕಿತ್ತು. ಈಗ ಅಲ್ಲಿ ಎರಡು ಕಡೆ ಮುಳ್ಳು ಚುಚ್ಚುತ್ತದೆ. ಒಂದು ಆ ಪದ. ಇನ್ನೊಂದು ಭಾಷೆ ಬಾರದವನನ್ನ ನೂರಾರು ಜನರ ಮುಂದೆ ನಗೆಪಾಟಲು ಮಾಡೋದು. ನಮ್ಮ ಜಿಲ್ಲೆಯ ಮಕ್ಕಳಿಗೆ ಈ ಎರಡನೇದು ಬೇಗ ತಾಗ್ತದೆ. ಮನೆಯಲ್ಲಿ ಕೊಂಕಣಿ ಅಥವಾ ಹವ್ಯಕ ಮಾತಾಡಿ ಹುಬ್ಬಳ್ಳಿ, ಬೆಂಗಳೂರಿನ ಹಾಸ್ಟೆಲು ಸೇರಿದವರಿಗೆ ‘ನಿನ್ನ ಕನ್ನಡ ಹೇಳು ನೋಡೋಣ’ ಅನ್ನೋ ಸೀನಿಯರು ಯಾರು ಅಂತ ವಿವರಿಸಬೇಕಾಗಿಲ್ಲ.

ಗಂಗಾವಳಿ

ಚತುರ್ ಸಿನಿಮಾ ಪೂರ್ತಿ ಸೊಕ್ಕಿನವನು, ಪರೀಕ್ಷೆ ಹಿಂದಿನ ದಿನ ಉಳಿದವರ ಗಮನ ಕೆಡಿಸೋ ಕೆಲಸ ಮಾಡ್ತಾನೆ. ಅವನಿಗೆ ಪಾಠ ಆಗಬೇಕು ಅಂತ ಕತೆಯೇ ಹೇಳ್ತದೆ. ಬಡಪಾಯಿಯ ಮೇಲೆ ಬಿದ್ದ ನಗು ಅಲ್ಲ ಅದು.

ಕೋಡಿಬಾಗ

ಸೊಕ್ಕಿಗೆ ಶಿಕ್ಷೆ ಕೊಡಲಿ. ಭಾಷೆ ಬಾರದ್ದಕ್ಕೆ ಯಾಕೆ ಕೊಡಬೇಕು? ಅದೇ ಚಿತ್ರದಲ್ಲಿ ಪ್ರಾಂಶುಪಾಲನ ಸೊಕ್ಕಿಗೆ ಸಿಗೋ ಉತ್ತರ ಬುದ್ಧಿಯಿಂದ ಬರ್ತದೆ, ಆ ದೃಶ್ಯಗಳಲ್ಲಿ ಮುಳ್ಳಿಲ್ಲ.

ಮಾಸ್ತರಮನೆ

ರ‍್ಯಾಗಿಂಗ್ ಬಗ್ಗೆ ಒಂದು ವಿವರ ಸೇರಿಸ್ತೇನೆ. ಕರ್ನಾಟಕ ಶಿಕ್ಷಣ ಕಾಯ್ದೆ 1983ರಲ್ಲೇ ಅದನ್ನ ನಿಷೇಧಿಸಲಾಗಿದೆ. ಯುಜಿಸಿ ನಿಯಮಾವಳಿ ಬಂದದ್ದು 2009ರ ಜೂನ್‌ನಲ್ಲಿ, 3 ಈಡಿಯಟ್ಸ್ ಬಿಡುಗಡೆ ಅದೇ ವರ್ಷದ ಡಿಸೆಂಬರ್ 25ಕ್ಕೆ. ಈಗ ಪ್ರತಿ ವರ್ಷ ವಿದ್ಯಾರ್ಥಿಯೂ ಪಾಲಕರೂ ರ‍್ಯಾಗಿಂಗ್ ವಿರೋಧಿ ಮುಚ್ಚಳಿಕೆ ಕೊಡಬೇಕು. ಕಾಲೇಜಿನ ಗೋಡೆಯಲ್ಲಿ 1800-180-5522 ಸಹಾಯವಾಣಿಯ ಫಲಕ ಇರ್ತದೆ. ಹಿಂದಿನ ತಲೆಮಾರಿಗೆ ರ‍್ಯಾಗಿಂಗ್ ಅಂದ್ರೆ ಮಳೆಗಾಲದ ಹಾಗೆ ಬಂದೇ ಬರೋ ಸಂಗತಿ, ಅದಕ್ಕೇ ನಕ್ಕು ದಾಟ್ತಿದ್ದರು. ಈಗಿನವರು ಅದಕ್ಕೆ ಸಹಿ ಹಾಕಿ ಒಳಗೆ ಬಂದವರು. ಒಂದೇ ದೃಶ್ಯವನ್ನ ಇಬ್ಬರೂ ಬೇರೆಬೇರೆ ನೆಲದ ಮೇಲೆ ನಿಂತು ನೋಡ್ತಾರೆ.

2003ರ ‘ಮುನ್ನಾಭಾಯಿ’ ಇನ್ನೂ ಓಡೋದಕ್ಕೆ ಕಾರಣವೂ ಇದರಲ್ಲಿದೆ. ರ‍್ಯಾಗ್ ಮಾಡಲು ಬಂದವರನ್ನೇ ಅವನು ಕುಣಿಸ್ತಾನೆ. ನಮ್ಮ ‘ಉಪ್ಪಿ ದಾದಾ ಎಂ.ಬಿ.ಬಿ.ಎಸ್.’ 2006ರಲ್ಲಿ ಬಂದದ್ದು ಅದೇ ಕತೆಯ ಮೇಲೆ.

ಘಟ್ಟದ ಮೇಲಿನವ

ಇನ್ನೊಂದು ಸಂಗತಿ ಯಾರೂ ಹೇಳಿಲ್ಲ. ಕಾಲೇಜು ಕಾಮಿಡಿಗೆ ಖಾಲಿ ಹೊತ್ತು ಬೇಕು. ಕ್ಯಾಂಟೀನಿನಲ್ಲಿ ಕೂರೋ ಹೊತ್ತು, ಕ್ಲಾಸ್ ತಪ್ಪಿಸೋ ಹೊತ್ತು. ವರ್ಷಕ್ಕೊಂದೇ ಪರೀಕ್ಷೆ ಇದ್ದಾಗ ಅದು ಸಿಕ್ಕುತ್ತಿತ್ತು. ಈಗ ಸೆಮಿಸ್ಟರ್, ಇಂಟರ್ನಲ್ಸ್, ಶೇ. 75 ಹಾಜರಾತಿ. ನಮ್ಮ ಜಿಲ್ಲೆಯ ಪದವಿ ಕಾಲೇಜುಗಳ ಬಹಳಷ್ಟು ಮಕ್ಕಳು ಬಸ್ ಪಾಸಿನವರು. ಯಾಣ, ದೇವಿಮನೆ ಕಡೆಯಿಂದ ಬರೋರಿಗೆ ಸಂಜೆ ಬಸ್ಸು ತಪ್ಪಿದರೆ ದಾರಿಯೇ ಇಲ್ಲ. ಹಾಸ್ಟೆಲ್ ರಾತ್ರಿಗಳ ಜೋಕು ಅವರಿಗೆ ಬೇರೆ ಊರಿನ ಸುದ್ದಿ ಇದ್ದಾಂಗೆ.

ಅಘನಾಶಿನಿ ದಂಡೆ

ಬಸ್ಸಿನ ಮಾತು ಬಂದದ್ದು ಒಳ್ಳೇದಾಯ್ತು. ಎರಡು ಗಂಟೆಗೆ ಶುರು ಮಾಡಿ ನಾಲ್ಕರೊಳಗೆ ಮುಗಿಸಲೇಬೇಕು ಅಂದಿದ್ದಾರೆ.

ಪರದೆ ಹಿಂದೆ

ಹಾಗಾದ್ರೆ 3 ಈಡಿಯಟ್ಸ್ ತಾನಾಗೇ ಹೊರಗೆ, ಅದು 170 ನಿಮಿಷ. ಚಶ್ಮೆ ಬದ್ದೂರ್ ಕೂಡ ಎರಡು ಗಂಟೆ ಮೀರ್ತದೆ. ಭಾಗ ಮಾಡಿ ತೋರಿಸಬೇಡಿ. ಕಾಮಿಡಿಯಲ್ಲಿ ಮೊದಲರ್ಧ ಬಿತ್ತಿದ್ದನ್ನ ಎರಡನೇ ಅರ್ಧದಲ್ಲಿ ಕೊಯ್ಯೋದು. ನಡುವೆ ಒಂದು ವಾರ ಬಿಟ್ಟರೆ ಯಾರಿಗೂ ನೆನಪಿರೋದಿಲ್ಲ.

ನನ್ನ ಸಲಹೆ: ನೂರು ವರ್ಷ ಹಿಂದಕ್ಕೆ ಹೋಗಿ. ಅಮೆರಿಕದ ಹಾಸ್ಯನಟ ಹೆರಾಲ್ಡ್ ಲಾಯ್ಡ್‌ನ ‘ದ ಫ್ರೆಶ್‌ಮನ್’, 1925, ಸುಮಾರು 76 ನಿಮಿಷ, ಮೂಕಿ.

ಹೊನ್ನಾವರ ಬಂದರು

1978ರದ್ದಕ್ಕೇ ನಗಲ್ಲ ಅಂತಿರೋ ಮಕ್ಕಳಿಗೆ 1925ರ ಮೂಕಿಯಾ?!

ಪರದೆ ಹಿಂದೆ

ಹೌದು, ಅದಕ್ಕೇ. ಕತೆ ಕೇಳಿ. ಹೊಸದಾಗಿ ಕಾಲೇಜು ಸೇರೋ ಹುಡುಗ. ಜನಪ್ರಿಯ ಆಗೋದು ಹೇಗೆ ಅಂತ ಸಿನಿಮಾ ನೋಡಿ ಕಲಿತು ಬಂದಿದ್ದಾನೆ. ಯಾರ ಕೈ ಕುಲುಕೋ ಮುಂಚೆಯೂ ಆ ಸಿನಿಮಾ ನಾಯಕನ ಹಾಗೆ ಪುಟ್ಟ ಕುಣಿತ ಹಾಕ್ತಾನೆ. ಎಲ್ಲರೂ ಬೆನ್ನ ಹಿಂದೆ ನಗ್ತಾರೆ, ಅವನಿಗೆ ಗೊತ್ತಾಗೋದಿಲ್ಲ. ರೀಲ್ಸ್ ನೋಡಿ ಹಾವಭಾವ ಕಲಿತು ಕಾಲೇಜಿಗೆ ಬರೋ ಮಕ್ಕಳಿಗೆ ಇದಕ್ಕಿಂತ ಹತ್ತಿರದ ಕತೆ ಯಾವುದಿದೆ?

ಪಾರ್ಟಿಯ ಪ್ರಸಂಗವನ್ನ ಸ್ವಲ್ಪ ನಿಧಾನ ನೋಡಬೇಕು. ಅವನ ಹೊಸ ಸೂಟು ಮುಗಿದಿಲ್ಲ, ದರ್ಜಿ ಬರೀ ಕಚ್ಚಾ ಹೊಲಿಗೆ ಹಾಕಿದ್ದಾನೆ. ದರ್ಜಿಗೆ ತಲೆ ಸುತ್ತೋ ಕಾಯಿಲೆ ಬೇರೆ. ಪಾರ್ಟಿ ತಪ್ಪಿಸಿಕೊಳ್ಳೋ ಹಾಗಿಲ್ಲ, ಅದಕ್ಕೆ ದರ್ಜಿಯೇ ಸೂಜಿ ದಾರ ಹಿಡಿದು ಜೊತೆಗೆ ಬರ್ತಾನೆ, ಪರದೆ ಹಿಂದೆ ಅಡಗಿ ನಿಲ್ತಾನೆ. ಹುಡುಗ ಕುಣಿದಂತೆ ಹೊಲಿಗೆ ಒಂದೊಂದೇ ಬಿಚ್ಚುತ್ತಾ ಹೋಗ್ತದೆ. ಮುಖದಲ್ಲಿ ನಗು ಇಟ್ಟುಕೊಂಡೇ ಪರದೆಗೆ ಬೆನ್ನು ಕೊಟ್ಟು ಕೂತು ಹೊಲಿಸಿಕೊಳ್ತಾನೆ. ಕ್ಯಾಮೆರಾ ದೂರ ನಿಂತು ಇಡೀ ಮೈಯನ್ನ ತೋರಿಸ್ತದೆ, ಮುಂದೆ ಏನು ಕಳಚಬಹುದು ಅಂತ ನಾವೇ ಹುಡುಕ್ತಾ ಕೂರ್ತೇವೆ. ಅರ್ಥ ಆಗೋಕೆ ಸಬ್‌ಟೈಟಲ್ ಬೇಡ, 1925ರ ಅಮೆರಿಕ ಗೊತ್ತಿರಬೇಕಿಲ್ಲ. ನಾಲ್ಕು ಜನರ ಮುಂದೆ ಮಾನ ಹೋಗೋ ಹೆದರಿಕೆ ಗೊತ್ತಿದ್ದರೆ ಸಾಕು.

ಮಾಸ್ತರಮನೆ

ಇದಕ್ಕೆ ನನ್ನ ಪೂರ್ತಿ ಬೆಂಬಲ. ಹೆಗ್ಗೋಡಿನ ನೀನಾಸಂ ಚಿತ್ರಸಮಾಜ 1973ರಿಂದಲೇ ಜಗತ್ತಿನ ಕ್ಲಾಸಿಕ್‌ಗಳನ್ನ ಹಳ್ಳಿ ಜನಕ್ಕೆ ತೋರಿಸಿದೆ. ಶಿರಸಿ, ಸಿದ್ದಾಪುರದವರಿಗೆ ಅದು ಪಕ್ಕದ ಊರು. ‘ನಮ್ಮ ಮಕ್ಕಳಿಗೆ ಇದು ಅರ್ಥ ಆಗೋದಿಲ್ಲ’ ಅನ್ನೋ ಮಾತಿಗೆ ಈ ಭಾಗದಲ್ಲಿ ಜಾಗವೇ ಇರಬಾರದು.

ಹಾಸ್ಯಗಾರ ಪ್ರಿಯ

ನನ್ನದೊಂದು ತಕರಾರು. ಯಾರ ಮೇಲೆ ನಗ್ತೇವೆ ಅನ್ನೋದನ್ನೇ ಎಲ್ಲರೂ ಹಿಡಿದುಕೊಂಡಿದ್ದೀರಿ. ಕಾಲದ ಲೆಕ್ಕ ಬಿಟ್ಟಿದ್ದೀರಿ.

ಯಕ್ಷಗಾನದ ಬಡಗುತಿಟ್ಟಿನ ಹಾಸ್ಯಗಾರರನ್ನ ನೋಡಿ. ಒಂದೇ ಪ್ರಸಂಗ ಅಂಕೋಲೆಯಲ್ಲಿ ಒಂದು ಥರ, ಯಲ್ಲಾಪುರದಲ್ಲಿ ಇನ್ನೊಂದು ಥರ. ಜನ ನಕ್ಕರೆ ಮಾತು ತಡೀತಾರೆ, ನಗದಿದ್ದರೆ ಅದನ್ನಲ್ಲೇ ಬಿಟ್ಟು ಮುಂದಿನದಕ್ಕೆ ಹಾರ್ತಾರೆ, ಭಾಗವತರು ಅವರ ಮುಖ ನೋಡಿ ಪದ ಎತ್ತುತ್ತಾರೆ. ಸಿನಿಮಾಗೆ ಆ ಭಾಗ್ಯ ಇಲ್ಲ. ನಗುವಿಗೆ ಎಷ್ಟು ಜಾಗ ಬಿಡಬೇಕು ಅಂತ ಎಡಿಟಿಂಗ್ ಟೇಬಲ್ಲಿನಲ್ಲೇ ತೀರ್ಮಾನ ಆಗ್ತದೆ. ಅದಕ್ಕೇ ಅಮೆರಿಕದ ಹಾಸ್ಯ ತಂಡ ಮಾರ್ಕ್ಸ್ ಸಹೋದರರು 1935ರ ‘ಎ ನೈಟ್ ಅಟ್ ದ ಓಪೆರಾ’ ಶೂಟಿಂಗಿಗೆ ಮುಂಚೆ ಅದರ ದೃಶ್ಯಗಳನ್ನ ರಂಗದ ಮೇಲೆ ಊರೂರಿಗೆ ಒಯ್ದು ಆಡಿ, ಎಲ್ಲಿ ನಗು ಬರ್ತದೆ, ಎಷ್ಟು ಹೊತ್ತು ಇರ್ತದೆ ಅಂತ ಪರೀಕ್ಷೆ ಮಾಡಿದ್ದು. ಲಾಯ್ಡ್ ಕೂಡ ಬಿಡುಗಡೆಗೆ ಮುಂಚೆ ಜನರಿಗೆ ತೋರಿಸಿ, ನಗು ಬಾರದ ಕಡೆ ಕತ್ತರಿ ಹಾಕ್ತಿದ್ದ.

ಆ ಬಿಟ್ಟ ಜಾಗ ತುಂಬಿದ ಹಾಲಿಗೆ ಅಂತ ಮಾಡಿದ್ದು. ಅದೇ ಚಿತ್ರವನ್ನ ಒಬ್ಬನೇ ಕೂತು ಫೋನಿನಲ್ಲಿ ನೋಡಿದರೆ ಪ್ರತಿ ಜೋಕಿನ ಬೆನ್ನಿಗೂ ಎರಡು ಮೂರು ಸೆಕೆಂಡು ಖಾಲಿ. ‘ಸ್ಲೋ ಇದೆ’ ಅಂತ ಮಕ್ಕಳು ಹೇಳೋದು ಆ ಖಾಲಿ ಜಾಗವನ್ನ. ಟ್ರೇಲರನ್ನ ಫೋನಿನಲ್ಲಿ ನೋಡಿ ಕೊಟ್ಟ ತೀರ್ಪನ್ನ ನಂಬಬೇಡಿ.

ಮೂರನೇ ಬೆಂಚು

ಇದನ್ನ ಅರ್ಧ ಒಪ್ತೇನೆ. ಹಾಲು ತುಂಬಿದರೂ ಏಣಿ ದೃಶ್ಯ ಎದ್ದು ನಿಲ್ಲೋದಿಲ್ಲ. ತುಂಬಿದ ಹಾಲಲ್ಲಿ ಆಗೋದು ಇನ್ನೂ ಕೆಟ್ಟದ್ದು: ಹುಡುಗರ ಕಡೆಯಿಂದ ನಗು, ಹುಡುಗಿಯರ ಕಡೆಯಿಂದ ಮೌನ. ಆಮೇಲೆ ಇಡೀ ಸಿನಿಮಾಗೆ ಹಾಲು ಎರಡು ಪಾಲು.

ಹಾಸ್ಯಗಾರ ಪ್ರಿಯ

ಅದು ನಿಜ ತಂಗಿ. ನನ್ನ ಮಾತು ಉಳಿದ ದೃಶ್ಯಗಳಿಗೆ.

ಗಂಗಾವಳಿ

ಮಾರ್ಕ್ಸ್ ಸಹೋದರರದ್ದೇ ಕಾಲೇಜು ಚಿತ್ರ ಇದೆಯಲ್ಲ, ‘ಹಾರ್ಸ್ ಫೆದರ್ಸ್’, 1932. ಬರೀ 68 ನಿಮಿಷ. ಅದನ್ನ ಹಾಕಿ.

ಪರದೆ ಹಿಂದೆ

ಅದು ಬೀಳ್ತದೆ. ಆ ಸಹೋದರರಲ್ಲೊಬ್ಬ ಗ್ರೌಚೋನ ಮಾತಿನ ವೇಗಕ್ಕೆ ಯಾವ ಸಬ್‌ಟೈಟಲೂ ಸಾಲೋದಿಲ್ಲ, ಕನ್ನಡದ್ದಂತೂ ಎರಡು ಸಾಲು ಮೀರಿ ಪರದೆ ತುಂಬ್ತದೆ. ಕೊನೆಯ ಫುಟ್‌ಬಾಲ್ ಪ್ರಸಂಗ ಮಾತ್ರ ಯಾವ ಕಾಲಕ್ಕೂ ನಡೀತದೆ, ಇನ್ನೊಬ್ಬ ಸಹೋದರ ಹಾರ್ಪೋ ಕಸದ ಗಾಡಿಯನ್ನ ರಥದ ಹಾಗೆ ಓಡಿಸೋದು. ಇನ್ನೊಂದು ವಿಷಯ, ಉಳಿದಿರೋ ಪ್ರತಿಗಳಲ್ಲಿ ಕಾನಿ ಅನ್ನೋಳ ಮನೆಯ ದೃಶ್ಯ ಅಲ್ಲಲ್ಲಿ ಜಿಗೀತದೆ, ಫಿಲ್ಮೇ ಹಾಳಾಗಿದೆ. ಫೈಲ್ ಕೆಟ್ಟಿದೆ ಅಂತ ತಿಳಿದು ಮಧ್ಯದಲ್ಲಿ ನಿಲ್ಲಿಸೋದು ಬೇಡ.

ಅಘನಾಶಿನಿ ದಂಡೆ

ದ ಫ್ರೆಶ್‌ಮನ್ ಕಡೆಗೆ ಮನಸ್ಸು ವಾಲ್ತಾ ಇದೆ. ಹಕ್ಕಿನ ವಿಚಾರ ಹೇಗೆ? ಓಟಿಟಿಯಿಂದ ನೇರ ಹಾಕಬಹುದಾ?

ಮಾಸ್ತರಮನೆ

ಓಟಿಟಿ ಚಂದಾ ಸಾಮಾನ್ಯವಾಗಿ ಮನೆ ಬಳಕೆಗೆ ಮಾತ್ರ ಇರ್ತದೆ, ಕಾಲೇಜು ಹಾಲಿನಲ್ಲಿ ಹಾಕಿದರೆ ಅವರ ಷರತ್ತು ಮುರಿದಂತೆ. ಕೃತಿಸ್ವಾಮ್ಯ ಕಾಯ್ದೆ 1957ರ 52ನೇ ಕಲಂ ಶಿಕ್ಷಣ ಸಂಸ್ಥೆಗೆ ಒಂದು ವಿನಾಯಿತಿ ಕೊಡ್ತದೆ: ಸಂಸ್ಥೆಯ ಚಟುವಟಿಕೆಯ ಭಾಗವಾಗಿ ತೋರಿಸಬೇಕು, ನೋಡೋರು ಸಿಬ್ಬಂದಿ, ವಿದ್ಯಾರ್ಥಿಗಳು, ಪಾಲಕರು ಮತ್ತು ಸಂಸ್ಥೆಗೆ ಸಂಬಂಧಿಸಿದವರು ಮಾತ್ರ ಆಗಿರಬೇಕು. ಪೇಟೆಯ ಸಾರ್ವಜನಿಕರನ್ನ ಕರೆದರೆ ಅಥವಾ ಟಿಕೆಟ್ ಇಟ್ಟರೆ ಹಕ್ಕುದಾರರ ಅನುಮತಿ ಬೇಕು.

ನಮ್ಮ ಕಾಯ್ದೆಯಲ್ಲಿ ಸಿನಿಮಾದ ಹಕ್ಕು ಪ್ರಕಟವಾದ ಮುಂದಿನ ವರ್ಷದಿಂದ ಅರವತ್ತು ವರ್ಷ. ಆ ಲೆಕ್ಕದಲ್ಲಿ 1925ರ ಚಿತ್ರದ ಅವಧಿ ಯಾವಾಗಲೋ ಮುಗಿದಿದೆ. ಆದ್ರೆ ಡಿವಿಡಿಯಲ್ಲಿ ಸೇರಿಸಿರೋ ಹೊಸ ಸಂಗೀತಕ್ಕೆ ಬೇರೆ ಹಕ್ಕು ಇರ್ತದೆ, ಅದನ್ನ ಮರೀಬೇಡಿ.

ಹಾಸ್ಯಗಾರ ಪ್ರಿಯ

ಹಾಗಾದ್ರೆ ಆ ಸಂಗೀತ ಮ್ಯೂಟ್ ಮಾಡಿ, ಮದ್ದಳೆ, ಹಾರ್ಮೋನಿಯಂ ಕೂರಿಸಿ! ಕುಮಟಾ, ಹೊನ್ನಾವರದಲ್ಲಿ ಮದ್ದಳೆ ಬಾರಿಸೋ ಹುಡುಗರಿಗೆ ಕೊರತೆಯೇ ಇಲ್ಲ.

ಚೆಂಡೆ ಮಾತ್ರ ಬೇಡ. ಮುಚ್ಚಿದ ಹಾಲಿನಲ್ಲಿ ಅದರ ಪೆಟ್ಟಿಗೆ ನಗುವೇ ಕೇಳಿಸೋದಿಲ್ಲ. ಬಾರಿಸೋರು ಚಿತ್ರವನ್ನ ಮೊದಲೇ ಎರಡು ಸಲ ಪೂರ್ತಿ ನೋಡಿರಬೇಕು. ಬಿದ್ದಾಗೆಲ್ಲ ಪೆಟ್ಟು ಕೊಟ್ಟರೆ ಹತ್ತು ನಿಮಿಷಕ್ಕೆ ಸಾಕಾಗಿಹೋಗ್ತದೆ. ಸೂಟಿನ ದೃಶ್ಯದಲ್ಲಿ ಹೊಲಿಗೆ ಬಿಚ್ಚೋ ಮುಂಚೆ ನಿಲ್ಲಿಸಬೇಕು, ಬಿಚ್ಚಿದ ಮೇಲೂ ಕೂಡಲೇ ಎತ್ತಬಾರದು, ನಗು ಇಳೀತಾ ಬಂದಾಗ ಮೆಲ್ಲಗೆ ಸೇರಬೇಕು. ಸಿನಿಮಾಗೆ ಇಲ್ಲದ ಆ ಹೊಂದಾಣಿಕೆಯನ್ನ ಮದ್ದಳೆಯವನು ತಂದುಕೊಡ್ತಾನೆ.

ಶಿರಸಿ ಪೇಟೆ

ಮೂಕಿಯ ನಡುನಡುವೆ ಬರೋ ಬರಹದ ಫಲಕಗಳನ್ನ ಒಬ್ಬರು ಮೈಕಿನಲ್ಲಿ ಕನ್ನಡದಲ್ಲಿ ಓದಲಿ. ಫಲಕ ಬಂದ ತಕ್ಷಣ ಶುರು, ಹೋಗೋ ಮುಂಚೆ ಮುಗಿಬೇಕು. ಅದಕ್ಕೆ ಕನ್ನಡದ ವಾಕ್ಯ ಚಿಕ್ಕದಿರಲಿ. ಜೋಕಿನ ಫಲಕ ಇದ್ದರೆ ಕೊನೆ ಪದದಲ್ಲೇ ಜೋಕು ಬರೋ ಹಾಗೆ ಬರೀರಿ, ಓದುವವರು ಮೊದಲೇ ನಗಬಾರದು.

ಕೋಡಿಬಾಗ

ಚಶ್ಮೆ ಬದ್ದೂರ್ ಇನ್ನೊಂದು ದಿನ ಇಡೋದಾದ್ರೆ 2013ರಲ್ಲಿ ಹೊಸದು ಮಾಡಿ ಬಿಡುಗಡೆ ಮಾಡಿದ ಪ್ರತಿಯನ್ನೇ ಹುಡುಕಿ. ಅದೇ ದಿನ ರೀಮೇಕ್ ಕೂಡ ಬಂತು, ಹೆಸರು ಹತ್ತಿರ ಹತ್ತಿರ ಒಂದೇ, ತಪ್ಪಿ ಅದನ್ನ ತಂದೀರಿ. ಕನ್ನಡ ಸಬ್‌ಟೈಟಲ್ ಮಾಡಿಸಿದರೆ ಫೈಲನ್ನ ಯುಟಿಎಫ್-8 ಅನ್ನೋ ಅಕ್ಷರ ಸಂಕೇತದಲ್ಲಿ ಉಳಿಸಿ. ಟಿವಿ ಅಥವಾ ಪ್ರೊಜೆಕ್ಟರಿನ ಯುಎಸ್‌ಬಿಗೆ ನೇರ ಹಾಕಿದರೆ ಒತ್ತಕ್ಷರ ಒಡೆದು ಕಾಣೋದು ಹೆಚ್ಚು, ಅದಕ್ಕೆ ಹ್ಯಾಂಡ್‌ಬ್ರೇಕ್ ಅನ್ನೋ ವಿಡಿಯೋ ತಂತ್ರಾಂಶದಲ್ಲಿ ಸಬ್‌ಟೈಟಲನ್ನ ಚಿತ್ರದ ಮೇಲೇ ಅಚ್ಚೊತ್ತಿಸಿ. ಲ್ಯಾಪ್‌ಟಾಪಿನಲ್ಲಿ ವಿಎಲ್‌ಸಿ ಪ್ಲೇಯರ್ ಬಳಸೋದಾದ್ರೆ ಜಿ ಮತ್ತು ಎಚ್ ಕೀಲಿಗಳಿಂದ ಸಬ್‌ಟೈಟಲನ್ನ ಒತ್ತಿಗೆ 50 ಮಿಲಿಸೆಕೆಂಡಿನಂತೆ ಹಿಂದೆ ಮುಂದೆ ಮಾಡಬಹುದು. ನಟ ಹೇಳೋ ಮುಂಚೆ ಜೋಕು ಕೆಳಗೆ ಕಾಣಿಸಿದರೆ ಓದೋರು ಮೊದಲು ನಗ್ತಾರೆ, ಕೇಳೋರು ಆಮೇಲೆ ನಗ್ತಾರೆ, ಎರಡೂ ಅರ್ಧಂಬರ್ಧ.

ಹೊನ್ನಾವರ ಬಂದರು

ಕನ್ನಡದ್ದು ಯಾವುದು? ‘ಕಿರಿಕ್ ಪಾರ್ಟಿ’ ಹಾಕಿದ್ರೆ ಹಾಲು ತುಂಬೋದು ಗ್ಯಾರಂಟಿ.

ಮೂರನೇ ಬೆಂಚು

2016ರದ್ದು ಕ್ಲಾಸಿಕ್ಕಾ? ಆದ್ರೂ ಹುಡುಗರು ದುಡ್ಡು ಕೂಡಿಸಿ ಹಳೇ ಕಾಂಟೆಸಾ ಕಾರು ಕೊಳ್ಳೋ ಭಾಗ ಈಗಲೂ ನಗಿಸ್ತದೆ. ನನಗೆ ಕೇಳಿದ್ರೆ 2023ರ ‘ಹಾಸ್ಟೆಲ್ ಹುಡುಗರು ಬೇಕಾಗಿದ್ದಾರೆ’ ಒಳ್ಳೆ ಜೋಡಿ. ಒಂದೇ ರಾತ್ರಿ, ಒಂದೇ ಹಾಸ್ಟೆಲ್, ವಾರ್ಡನ್ನಿನ ಹೆಣ. ಹುಡುಗರ ಹೆದರಿಕೆಗೇ ನಗು ಬರ್ತದೆ.

ಪರದೆ ಹಿಂದೆ

ಎರಡಕ್ಕೂ ಎರಡು ಗಂಟೆ ಸಾಲೋದಿಲ್ಲ, ಕಿರಿಕ್ ಪಾರ್ಟಿ ಎರಡೂವರೆ ಗಂಟೆ ದಾಟ್ತದೆ.

ಎಂಬತ್ತು, ತೊಂಬತ್ತರ ದಶಕದ ಕನ್ನಡ ಚಿತ್ರಗಳ ಕಡೆ ಹೋಗೋದಾದ್ರೆ ಒಂದು ಎಚ್ಚರ. ಆಗ ಕಾಮಿಡಿ ಟ್ರ್ಯಾಕ್ ಅಂತ ಬೇರೆಯೇ ಇರ್ತಿತ್ತು. ನಾಯಕನ ಕತೆಗೂ ಅದಕ್ಕೂ ಸಂಬಂಧ ತೆಳು, ಎಷ್ಟೋ ಸಲ ಅದನ್ನ ತೆಗೆದರೂ ಕತೆ ನಿಲ್ತದೆ. ಅಂಥ ಟ್ರ್ಯಾಕ್ ಪೂರ್ತಿ ಸಿನಿಮಾದಲ್ಲಿ ನೋಡಿದರೆ ಎಳೆದ ಹಾಗೆ ಆಗ್ತದೆ. ಮೂವತ್ತು ಸೆಕೆಂಡು ಕತ್ತರಿಸಿ ರೀಲ್ಸ್ ಮಾಡಿದರೆ ಅದೇ ಮಕ್ಕಳು ಬಿದ್ದು ಬಿದ್ದು ನಗ್ತಾರೆ. ಹಳೇ ಹಾಸ್ಯನಟರ ಮುಖಗಳು ಮೀಮುಗಳಲ್ಲಿ ದಿನಾ ಓಡಾಡ್ತಿರೋದಕ್ಕೆ ಕಾರಣ ಅದು. ಇಡೀ ಸಿನಿಮಾದ ಬದಲು ಮುಖ್ಯ ಚಿತ್ರಕ್ಕೆ ಮುಂಚೆ ಹತ್ತು ನಿಮಿಷ ಅಂಥ ತುಣುಕು ಹಾಕಿ. ಜನ ನಗೋ ಹುರುಪಿಗೆ ಬರ್ತಾರೆ, ತಡವಾಗಿ ಬರೋರೂ ಕೂರ್ತಾರೆ.

ಘಟ್ಟದ ಮೇಲಿನವ

ಇಂಟರ್ವಲ್ಲಿಗೆ ಮುರುಗಲ ಶರಬತ್ತು ಇಡಿ, ಚಹಾ ಬೇಡ. ಚಹಾಕ್ಕೆ ಸಾಲು ಹಚ್ಚಿದರೆ ಅರ್ಧ ಗಂಟೆ ಅಲ್ಲೇ ಹೋತು.

ಕೋಡಿಬಾಗ

76 ನಿಮಿಷಕ್ಕೆ ಇಂಟರ್ವಲ್ ಯಾಕೆ? ಮುಗಿದ ಮೇಲೆ ಕೊಡಿ.

ಅಘನಾಶಿನಿ ದಂಡೆ

ಹಾಲಿನ ವಿವರ: 120 ಸೀಟು, ತಗಡಿನ ಮಾಡು, ಎರಡು ಕಡೆ ಕಿಟಕಿ. ಪ್ರೊಜೆಕ್ಟರಿನ ಬೆಳಕು 3000 ಲ್ಯೂಮೆನ್ಸ್. ಸಾಕಾ?

ಪರದೆ ಹಿಂದೆ

ಹತ್ತು ಅಡಿ ಅಗಲದ ಚಿತ್ರಕ್ಕೆ ಸಾಕು, ಆದ್ರೆ ಕಿಟಕಿಗೆ ದಪ್ಪ ಕಪ್ಪು ಬಟ್ಟೆ ಬೇಕೇ ಬೇಕು. ಥ್ರೋ ರೇಶಿಯೋ, ಅಂದ್ರೆ ಪರದೆಯ ದೂರ ಚಿತ್ರದ ಅಗಲದ ಎಷ್ಟು ಪಟ್ಟು ಅನ್ನೋದು, 1.5 ಇದ್ದರೆ ಪರದೆಯಿಂದ ಹದಿನೈದು ಅಡಿ ದೂರ ಇಡಬೇಕು. ಮೂಕಿ ಚಿತ್ರದ ಆಕಾರ ಹೆಚ್ಚುಕಡಿಮೆ ಚೌಕ, ಅಗಲ ಪರದೆ ತುಂಬಲಿ ಅಂತ ಎಳೀಬೇಡಿ. ಎಳೆದರೆ ಎಲ್ಲರೂ ಕುಳ್ಳಗೆ, ದಪ್ಪ ಕಾಣ್ತಾರೆ, ಲಾಯ್ಡ್‌ನ ಮೈಯ ಚುರುಕೇ ಹೋಗ್ತದೆ. ಎರಡೂ ಬದಿ ಕಪ್ಪು ಪಟ್ಟಿ ಇರಲಿ.

ತಗಡಿನ ಮಾಡು ಅಂದ್ರಲ್ಲ, ಆಗಸ್ಟ್ ಮಳೆಗೆ ಮಾತಿನ ಸಿನಿಮಾ ಅಲ್ಲಿ ಕೇಳೋದಿಲ್ಲ. ಸೌಂಡ್ ಏರಿಸಿದರೆ ಮಾತು ಗೊಗ್ಗರಾಗ್ತದೆ, ಸ್ಪಷ್ಟ ಆಗೋದಿಲ್ಲ. ಅದಕ್ಕೂ ಮೂಕಿಯೇ ಸರಿ. ಚಶ್ಮೆ ಬದ್ದೂರ್‌ನ್ನ ನವೆಂಬರಿಗೆ ಇಟ್ಟುಕೊಳ್ಳಿ, ಆಗ ಕಾಲೇಜಿನವರ ಹತ್ತಿರ ಅರ್ಧ ಗಂಟೆ ಹೆಚ್ಚು ಕೇಳಿ ನೋಡಿ.

ಗಂಗಾವಳಿ

ಕರೆಂಟು?

ಪರದೆ ಹಿಂದೆ

ಲ್ಯಾಂಪ್ ಇರೋ ಪ್ರೊಜೆಕ್ಟರ್ ಆದ್ರೆ ಯುಪಿಎಸ್ ಇಲ್ದೆ ಹಾಕಲೇಬೇಡಿ. ಕರೆಂಟು ಹೋದ ಕೂಡಲೇ ಫ್ಯಾನೂ ನಿಲ್ತದೆ, ಬಿಸಿ ಲ್ಯಾಂಪು ತಣಿಯೋದಿಲ್ಲ, ಆಯುಷ್ಯ ಕಡಿಮೆ ಆಗ್ತದೆ. ಯುಪಿಎಸ್ ಹತ್ತು ನಿಮಿಷ ತಡೆದರೂ ಕ್ರಮವಾಗಿ ಆರಿಸೋಕೆ ಸಮಯ ಸಿಗ್ತದೆ.

ಹಾಸ್ಯಗಾರ ಪ್ರಿಯ

120 ಸೀಟಿಗೆ ಅರವತ್ತೇ ಜನ ಬಂದರೆ ಹಿಂದಿನ ಸಾಲುಗಳಿಗೆ ಹಗ್ಗ ಕಟ್ಟಿ ಎಲ್ಲರನ್ನೂ ಮುಂದೆ ಒತ್ತಾಗಿ ಕೂರಿಸಿ. ಚದುರಿ ಕೂತವರಲ್ಲಿ ನಗು ಒಬ್ಬರಿಂದ ಒಬ್ಬರಿಗೆ ಹಬ್ಬೋದಿಲ್ಲ. ಮದ್ದಳೆಯವರನ್ನ ಪರದೆಯ ಬಲಕ್ಕೆ ಓರೆಯಾಗಿ ಕೂರಿಸಿ, ಅವರಿಗೆ ಪರದೆಯೂ ಕಾಣಬೇಕು, ಜನರ ಮುಖವೂ ಕಾಣಬೇಕು.

ಶಿರಸಿ ಪೇಟೆ

ಮದ್ದಳೆಗೆ ಮೈಕ್ ಇಡಬೇಕಾ ಹಾಗಾದ್ರೆ?

ಹಾಸ್ಯಗಾರ ಪ್ರಿಯ

ಮಳೆ ಇಲ್ಲದಿದ್ದರೆ ಬೇಡ. ಹಾರ್ಮೋನಿಯಂಗೆ ಒಂದು ಇರಲಿ. ಮಳೆ ಜೋರಾದ್ರೆ ಮದ್ದಳೆಯ ಬಲಮುಚ್ಚಿಗೆ ಕಡೆ ಒಂದು ಅಡಿ ದೂರದಲ್ಲಿ ಇನ್ನೊಂದು ಇಟ್ಟರೆ ಸಾಕು.